ಒಂದೇ ಕಾಲಿಗೆ ಎರಡು ಕಟ್ಟು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗಂಗಾಧರಪ್ಪ ಡ್ರೆಸ್ಸಿಂಗ್ ರೂಮಿನ ಬಾಗಿಲು ತೆಗೆದು, ಕಬ್ಬಿಣದ ಸ್ಟೂಲನ್ನು ಕಿಟಕಿ ಹತ್ತಿರ ಎಳೆದುಕೊಂಡು ಕೂತಿದ್ದಾರೆ. ಎದುರಿಗೆ ಗುಡವಿ ಕಡೆಯ ಒಬ್ಬ ಕೂಲಿಯಾಳು. ಮೊಣಕಾಲಿನ ಗಾಯಕ್ಕೆ ಬಟ್ಟೆ ಅಂಟಿಕೊಂಡಿದೆ. ಗಂಗಾಧರಪ್ಪ ಅದರ ಮೇಲೆ ಉಪ್ಪುನೀರನ್ನು ತೊಟ್ಟು ತೊಟ್ಟಾಗಿ ಬಿಟ್ಟು ಸುಮ್ಮನೆ ಕಾಯುತ್ತಿದ್ದಾರೆ.

"ಕಿತ್ತು ಬಿಡ್ರಿ ಅತ್ಲಾಗೆ, ಕೆಲಸಕ್ಕೆ ಹೊತ್ತಾಯ್ತು," ಎನ್ನುತ್ತಾನೆ ಕೂಲಿಯಾಳು.

"ಕಿತ್ರೆ ಚರ್ಮ ಬರ್ತದೆ, ಕಾದ್ರೆ ಬಟ್ಟೆ ಬರ್ತದೆ. ಯಾವುದು ಬೇಕೋ ನೀನೇ ಹೇಳು."

ಅವನು ಕಾಲು ಚಾಚಿ ಗೋಡೆಗೆ ಒರಗುತ್ತಾನೆ. ಬಟ್ಟೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ.

ಶಿಕಾರಿಪುರಕ್ಕೂ ಸೊರಬಕ್ಕೂ ನಡುವಿನ ಒಂದು ಸರ್ಕಾರಿ ಆಸ್ಪತ್ರೆ ಇದು. ಊರಿನ ಹೆಸರು ಹಾಕಬೇಡಿ ಎಂದು ಆಸ್ಪತ್ರೆಯವರು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಗಂಗಾಧರಪ್ಪ ಇಲ್ಲಿ ಗಾಯ ಕಟ್ಟುವವರು. ಮಧ್ಯಾಹ್ನದೊಳಗೆ ಮೂವತ್ತು ನಲವತ್ತು ಗಾಯಗಳು ಈ ಸ್ಟೂಲಿನ ಮುಂದೆ ಬಂದು ಹೋಗುತ್ತವೆ. ಕುಡುಗೋಲು ತಾಗಿದ್ದು, ಬೈಕಿನಿಂದ ಬಿದ್ದಿದ್ದು, ಕುದಿಯುವ ಸಾರು ಚೆಲ್ಲಿದ್ದು, ಎಲ್ಲಕ್ಕಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆಯವರ ಕಾಲು. ಹತ್ತನೇ ತರಗತಿ ಫೇಲಾಗಿ, ಕಸ ಗುಡಿಸಲು ಸೇರಿ, ಹಿಂದಿನ ಡ್ರೆಸ್ಸರ್ ಕೈ ನೋಡಿ ಕಲಿತವರು. ಇವತ್ತಿಗೂ ಕಾಯಂ ಆಗಿಲ್ಲ. ಸಂಬಳ ಬರುವುದು ಗುತ್ತಿಗೆದಾರನ ಮೂಲಕ, ಅದೂ ಅವನಿಗೆ ನೆನಪಾದಾಗ. ಸರ್ಕಾರಿ ಆಸ್ಪತ್ರೆಯೊಳಗೆ ಖಾಸಗಿಯವರು ಕಾಲಿಡಬಾರದು ಎಂದು ವೇದಿಕೆ ಮೇಲೆ ಗುಡುಗುವವರು ಇದನ್ನು ಒಮ್ಮೆಯಾದರೂ ಕೇಳಿದ್ದಾರೆಯೇ? ಕೇಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷದಿಂದ ಈ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ನಡೆಯುತ್ತಿದೆ. ಡ್ರೆಸ್ಸಿಂಗ್ ರೂಮಿನ ಎದುರಿನ ಕೋಣೆಗೆ ಸುಣ್ಣ ಬಣ್ಣ ಮಾಡಿ ಒಂದು ಖಾಸಗಿ ಸಂಸ್ಥೆಗೆ ಕೊಟ್ಟಿದ್ದಾರೆ. ಸಂಜೆ ನಾಲ್ಕಕ್ಕೆ ಅದು ತೆರೆಯುತ್ತದೆ. ಹಣ ಕಟ್ಟುವವರು ಅಲ್ಲಿ ಚೀಟಿ ಮಾಡಿಸಿ ತೋರಿಸಬಹುದು, ಗಾಯ ಕಟ್ಟಿಸಿಕೊಳ್ಳಬಹುದು. ಜನ ಅದನ್ನು ದುಡ್ಡಿನ ರೂಮು ಎನ್ನುತ್ತಾರೆ. ಆಸ್ಪತ್ರೆಯ ಮುಖ್ಯ ವೈದ್ಯೆ ಡಾ. ನರ್ಮದಾ ಅವರ ಮಾತೂ ತೆಗೆದುಹಾಕುವಂಥದ್ದಲ್ಲ. "ಕೈಲಾಗೋರು ಹೇಗಿದ್ರೂ ಶಿವಮೊಗ್ಗಕ್ಕೆ ಹೋಗಿ ದುಡ್ಡು ಸುರೀತಾರೆ. ಇಲ್ಲೇ ಕಟ್ಲಿ, ಒಂದು ಪಾಲು ಆಸ್ಪತ್ರೆಗೆ ಬರ್ತದೆ. ಬೆಳಗಿನ ಸಾಲೂ ಕಮ್ಮಿ ಆಗ್ತದೆ," ಎನ್ನುತ್ತಾರೆ. ಸಾಲು ಕಮ್ಮಿ ಆಗಿರುವುದು ನಿಜ. ಯಾರು ಕಮ್ಮಿ ಆದರು ಎಂಬುದು ಗಂಗಾಧರಪ್ಪನಿಗೆ ಗೊತ್ತು.

"ಮಾತಾಡೋರು ಕಮ್ಮಿ ಆದ್ರು ನೋಡ್ರಿ. ಮೇಷ್ಟ್ರು, ಅಂಗಡಿಯೋರು, ಪಂಚಾಯ್ತಿ ಮೆಂಬರು. ಗಾಯಕ್ಕೆ ಕಟ್ಟೋ ಗಾಜ್ ಬಟ್ಟೆ ಖಾಲಿ ಆದಾಗ ಇವ್ರೇ ಒಳಗೆ ಹೋಗಿ ಜಗಳ ಮಾಡೋರು. ಈಗ ಖಾಲಿ ಆದ್ರೆ ಯಾರು ಕೇಳ್ತಾರೆ?"

ಆ ಕೋಣೆ ಕಂಡರೆ ಹೊಟ್ಟೆಕಿಚ್ಚೇ ಎಂದು ನೇರವಾಗಿಯೇ ಕೇಳುತ್ತೇನೆ.

"ಹೌದ್ರಿ, ಐತೆ. ಯಾಕೆ ಇರಬಾರದು? ಅಲ್ಲಿ ತಿರುಗೋ ಕುರ್ಚಿ ಐತೆ. ಕಾಲು ಇಡಾಕೆ ಮೆತ್ತನೆ ಬೆಂಚು ಐತೆ. ಒಂದು ಸ್ಪಂಜಿನ ಪಟ್ಟಿ ಐತೆ, ಒಂದ್ಸಲ ಹಾಕಿದ್ರೆ ಮೂರು ದಿನ ಬಿಚ್ಚಂಗಿಲ್ಲ, ಕೀವೆಲ್ಲ ಅದೇ ಹೀರ್ಕೊಳ್ತದೆ. ನಾ ದಿನಾ ಬಿಚ್ಚಿ ದಿನಾ ಕಟ್ಟಬೇಕು. ಎದುರು ಮನೆ ಅಡಿಗೆ ವಾಸನೆ ಕುಡ್ಕೊಂಡು ಕುಂತಂಗೆ ಆಗ್ತದೆ ನನಗೆ."

ಆ ಕೋಣೆಯಲ್ಲಿ ಗಾಯ ಕಟ್ಟುವ ಅಶ್ವಿನಿ ನರ್ಸಿಂಗ್ ಓದಿದ ಹುಡುಗಿ. ಅವಳ ಕೈ ಹೇಗೆ ಎಂದು ಕೇಳಿದರೆ ಗಂಗಾಧರಪ್ಪ ಮುಖ ಆಚೆ ತಿರುಗಿಸಿ, "ಚೊಲೋನೇ ಐತೆ," ಎನ್ನುತ್ತಾರೆ. ಹೊಗಳಿಕೆ ಅಷ್ಟು ಕಷ್ಟದಿಂದ ಹೊರಬಂದಿದ್ದನ್ನು ನಾನು ನೋಡಿಲ್ಲ.

ಅಷ್ಟರಲ್ಲಿ ಮಹೇಶ್ವರಪ್ಪ ಬರುತ್ತಾರೆ. ಗೋಣಿಚೀಲ, ಹಗ್ಗದ ವ್ಯಾಪಾರಿ. ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಮನೆ. ಸಕ್ಕರೆ ಕಾಯಿಲೆಯವರು. ಹೊಸ ಚಪ್ಪಲಿ ಕಚ್ಚಿದ ಗಾಯ ಬಲಗಾಲಿನ ಹೆಬ್ಬೆರಳಿನಲ್ಲಿ ಹುಣ್ಣಾಗಿ ಕೂತಿದೆ. ಸೋಮವಾರ ಸರ್ಜನ್ ಬರುತ್ತಾರೆ. ಅಷ್ಟರಲ್ಲಿ ಒಣಗುವ ಲಕ್ಷಣ ಕಾಣದಿದ್ದರೆ ಬೆರಳು ತೆಗೆಯುವುದೇ ಎಂದು ಹೇಳಿ ಹೋಗಿದ್ದಾರೆ. ಎಷ್ಟು ಕಟ್ಟಿದರೂ ಏಕೆ ಒಣಗುತ್ತಿಲ್ಲ ಎಂಬುದು ಗಂಗಾಧರಪ್ಪನಿಗೆ ನುಂಗಲಾರದ ತುತ್ತಾಗಿದೆ. ಮಹೇಶ್ವರಪ್ಪನವರ ತಾಯಿ ಹಾಸಿಗೆ ಹಿಡಿದಿದ್ದಾಗ ಬೆನ್ನಿನ ಹುಣ್ಣಿಗೆ ಮನೆಗೇ ಹೋಗಿ ಕಟ್ಟಿದವರು ಗಂಗಾಧರಪ್ಪನೇ.

"ಬರ್ರಿ ಸಾಹುಕಾರ್ರೆ, ನಿಮ್ಮ ಹೆಬ್ಬೆರಳು ನನ್ನ ಮರ್ಯಾದೆ ತೆಗೀತೈತಿ," ಎಂದು ಕಾಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಬ್ಯಾಂಡೇಜು ಬಿಚ್ಚಲು ಬಗ್ಗಿದವರು ಹಾಗೇ ನಿಲ್ಲುತ್ತಾರೆ. ಮೂಗು ಹತ್ತಿರ ತಂದು ಮೂಸುತ್ತಾರೆ.

"ಇದೇನ್ರಿ, ಸೋಪಿನ ವಾಸನೆ?"

ಮಹೇಶ್ವರಪ್ಪ ಹಿಂದೆ ನಿಂತಿದ್ದ ಹೆಂಡತಿಯ ಮುಖ ನೋಡುತ್ತಾರೆ. ನಿರ್ಮಲಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

"ನಿನ್ನೆ ನಾ ಕಟ್ಟಿದ ಬಟ್ಟೆ ಒಗದೀರಿ. ಒಗದು, ಮತ್ತೆ ಸುತ್ತೀರಿ. ಯಾಕೆ?"

ಸುಳ್ಳು ಹೇಳಲು ನಿರ್ಮಲಮ್ಮನಿಗೆ ಬರುವುದಿಲ್ಲ. "ತಪ್ಪು ತಿಳ್ಕಬ್ಯಾಡ್ರಿ ಅಣ್ಣಾ. ಮಗ ರೇಣುಕಾಪ್ರಸಾದ ಹಟ ಹಿಡಿದು ಆ ರೂಮಿಗೆ ಕರ್ಕೊಂಡು ಹೋದ. ಆ ಹುಡುಗಿ ಸ್ಪಂಜು ಹಾಕ್ತಾಳೆ. ಬೆಳಿಗ್ಗೆ ಅದನ್ನ ಕಂಡ್ರೆ ನಿಮಗೆ ನೋವಾಗ್ತದೆ ಅಂತ ನಾನೇ ಬಿಚ್ಚಿ, ನಿಮ್ಮ ಹಳೇ ಬಟ್ಟೆ ಒಗದು ಸುತ್ತಿ ಕಳಿಸ್ತಿದ್ದೆ."

"ಸಂಜೆ ಅವಳಿಗೆ ಏನ್ ಹೇಳ್ತಿದ್ರಿ?"

"ನಿಮ್ಮ ಕಟ್ಟು ಮನೇಲೇ ಬಿಚ್ಚಿಟ್ಟು ಹೋಗಿ, ಸ್ಪಂಜು ಜಾರಿ ಬಿತ್ತಮ್ಮಾ ಅಂತಿದ್ವಿ," ಎನ್ನುತ್ತಾರೆ ಮಹೇಶ್ವರಪ್ಪ ಮೆಲ್ಲಗೆ. "ನಿಮ್ಮನ್ನ ಬಿಡಾಕೆ ದಾಕ್ಷಿಣ್ಯ ಗಂಗಣ್ಣ. ನಮ್ಮವ್ವನ ಬೆನ್ನು ನೋಡಿದೋರು ನೀವು."

ದಾಕ್ಷಿಣ್ಯ! ಒಬ್ಬರ ಮನಸ್ಸು ನೋಯಬಾರದೆಂದು ತನ್ನ ಕಾಲನ್ನು ತಾನೇ ಕೊಳೆಸಿಕೊಳ್ಳುವ ಜನ ನಾವು. ಮೂರು ದಿನ ಮುಟ್ಟಬಾರದ ಪಟ್ಟಿಯನ್ನು ದಿನಾ ಕಿತ್ತು, ಕಲ್ಲಿನ ಮೇಲೆ ಒಗೆದ ಬಟ್ಟೆಯನ್ನು ಹಸಿ ಹುಣ್ಣಿಗೆ ಸುತ್ತಿದ್ದಾರೆ. ಒಣಗುವುದು ಎಲ್ಲಿಂದ?

ಗಂಗಾಧರಪ್ಪನಿಗೆ ಆ ಹೊತ್ತಿಗೆ ಹುಣ್ಣು ಕಾಣುವುದಿಲ್ಲ. ತನ್ನ ತೊಡೆಯ ಮೇಲಿರುವ ಕಾಲು ಸಂಜೆ ಇನ್ನೊಬ್ಬರ ಬೆಂಚಿನ ಮೇಲಿತ್ತು ಎಂಬುದಷ್ಟೇ ಕಾಣುತ್ತದೆ. ಕಾಲನ್ನು ಕೆಳಗಿಡುತ್ತಾರೆ. "ಅಲ್ಲಿಗೇ ಹೋಗ್ರಿ. ಮೆತ್ತನೆ ಬೆಂಚು ಐತೆ. ಇಲ್ಲಿಗೆ ಯಾಕೆ ಬರ್ತೀರಿ, ನನಗೆ ಬಟ್ಟೆ ಒಗೆಯೋದು ಕಲಿಸಾಕ?" ಎಂದು ಕೂಗಿ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಾರೆ. ಸಾಲಿನಲ್ಲಿದ್ದವರೆಲ್ಲ ನೋಡುತ್ತಾರೆ. ಇದನ್ನು ಬರೆಯಬೇಡಿ ಎಂದು ಆಮೇಲೆ ಡಾಕ್ಟರು ಹೇಳಿದರು. ಗಂಗಾಧರಪ್ಪನೇ, "ಬರೀಲಿ ಬಿಡ್ರಿ, ಕೂಗಿದ್ದು ನಿಜ," ಎಂದರು.

ಮರದ ಕೆಳಗೆ ಅವರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಳಗೆ ಬಂದು, ಹುಣ್ಣನ್ನು ತೊಳೆದು, ಹೊಸ ಗಾಜ್ ಇಟ್ಟು ಕಟ್ಟಿ, "ಸಂಜೆ ನಾನೂ ಬರ್ತೀನಿ," ಎನ್ನುತ್ತಾರೆ.

ನಾಲ್ಕು ಗಂಟೆಗೆ ಅವರು ಮಹೇಶ್ವರಪ್ಪನ ಜೊತೆ ಆ ಕೋಣೆಯೊಳಗೆ ಕಾಲಿಡುತ್ತಾರೆ. ಆ ಕೋಣೆ ಶುರುವಾದ ಮೇಲೆ ಅವರು ಒಳಗೆ ಬಂದದ್ದು ಇದೇ ಮೊದಲಂತೆ. ಅಶ್ವಿನಿ ಎದ್ದು ನಿಲ್ಲುತ್ತಾಳೆ.

"ಕೂತ್ಕೊಳಿ ಅಂಕಲ್."

"ಕೂರಾಕೆ ಬಂದಿಲ್ಲ. ಇವರ ಸ್ಪಂಜು ಜಾರಿ ಬೀಳ್ತಿಲ್ಲ, ಇವ್ರೇ ಕೀಳ್ತಾರೆ." ಎಲ್ಲವನ್ನೂ ಹೇಳುತ್ತಾರೆ.

ಅಶ್ವಿನಿ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾಳೆ. "ಅಯ್ಯೋ, ನನಗೆ ಅಂಟಿಸೋಕೆ ಬರಲ್ವೇನೋ ಅಂತ ನಾನು ದಿನಾ ಮನೆಗೆ ಹೋಗಿ ಅಳ್ತಿದ್ದೆ. ಬೆಳಿಗ್ಗೆ ಬಂದು ನೀವು ಕಟ್ಟೋದನ್ನ ಬಾಗಿಲ ಸಂದೀಲಿ ನಿಂತು ನೋಡಿದ್ದೂ ಇದೆ."

"ನೀ ನನ್ನ ನೋಡಿದ್ಯಾ?"

"ಹೌದು. ನಿಮ್ಮ ಹತ್ರ ಯಾರೂ ಕಿರಚಲ್ಲ. ನನ್ನ ಹತ್ರ ಎಲ್ರೂ ಕಿರಚ್ತಾರೆ. ಹೊಟ್ಟೆ ಉರೀತಿತ್ತು."

ಗಂಗಾಧರಪ್ಪನ ಮುಖದಲ್ಲಿ ಆಗ ಕಂಡ ಸಮಾಧಾನವನ್ನು ಮುಚ್ಚಿಡುವಷ್ಟು ದೊಡ್ಡವರಲ್ಲ ಅವರು. ಆದರೆ ಒಂದು ಕಾಲಿಗೆ ಒಂದೇ ಕೈ ಬೇಕು. ಯಾರದು ಎಂದು ಕೇಳಿದರೆ ಮಹೇಶ್ವರಪ್ಪ ಚಾವಣಿ ನೋಡುತ್ತಾರೆ. ಗಂಗಾಧರಪ್ಪನೇ ಹೇಳುತ್ತಾರೆ: "ಇವಳೇ ಕಟ್ಲಿ. ನನ್ನ ಹತ್ರ ಆ ಪಟ್ಟಿ ಇಲ್ಲ. ಸೋಮವಾರದ ತನಕ ನನ್ನ ರೂಮಿಗೆ ಬಂದ್ರೆ ಕಾಲು ಮುರೀತೀನಿ."

ಸೋಮವಾರ ಸರ್ಜನ್ ಹೆಬ್ಬೆರಳನ್ನು ಒತ್ತಿ ನೋಡಿ, ಅಂಚಿನಲ್ಲಿ ಹೊಸ ಚರ್ಮ ಬರುತ್ತಿದೆ, ಸದ್ಯಕ್ಕೆ ತೆಗೆಯುವುದು ಬೇಡ ಎನ್ನುತ್ತಾರೆ. ನಿರ್ಮಲಮ್ಮ ಪೇಡ ಹಂಚುತ್ತಾರೆ. ಗಂಗಾಧರಪ್ಪ ಒಂದನ್ನು ಬಾಯಿಗೆ ಹಾಕಿಕೊಂಡು, "ಸಿಹಿ ಜಾಸ್ತಿ ಆತು," ಎನ್ನುತ್ತಾರೆ.

ಸಂತೋಷವೇ ಎಂದು ಕೇಳುತ್ತೇನೆ.

"ಸಂತೋಷ ಅಲ್ದೆ ಮತ್ತೇನ್ರಿ. ಬೆರಳು ಉಳೀತು. ಆದ್ರೆ ಉಳಿಸೋನು ನಾನಾಗಬೇಕಿತ್ತು."

ಮಾತು ಅಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಬಾಗಿಲಲ್ಲಿ ಲೋಕಮ್ಮ ನಿಂತಿದ್ದಾರೆ. ಜಡೆ ಎಂಬ ಊರಿನಿಂದ ಸೊರಬಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದವರು. ಅವರಿಗೂ ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಹುಣ್ಣು. ದಿನಾ ಬರಲು ಆಗುವುದಿಲ್ಲ, ಬಂದ ದಿನ ಕೂಲಿ ಇಲ್ಲ. "ಮೂರು ದಿನ ಬಿಚ್ಚೂದೇ ಬ್ಯಾಡ ಅನ್ನೂ ಪಟ್ಟಿ ಇದ್ಯಂತಲ್ಲ ಮಾರಾಯ್ರೆ, ಅದು ನಂಗೂ ಹಾಕ್ತ್ರಾ?" ಎಂದು ಕೇಳುತ್ತಾರೆ.

ಆ ಪಟ್ಟಿಯ ಅಗತ್ಯ ಯಾರಿಗೆ ಹೆಚ್ಚು? ಹಿಂದಿನ ಬೀದಿಯಿಂದ ನಡೆದು ಬರುವ ವ್ಯಾಪಾರಿಗೋ, ಎರಡು ಬಸ್ಸು ಹತ್ತಿ ಬರುವ ಈ ಹೆಂಗಸಿಗೋ? ಖಾಸಗಿ ಬೇಕು ಬೇಡ ಎಂದು ಹರಟುವ ದೊಡ್ಡವರು ಈ ಒಂದು ಪ್ರಶ್ನೆಗೆ ಉತ್ತರ ಹೇಳಿ ಆಮೇಲೆ ಮುಂದಕ್ಕೆ ಮಾತಾಡಲಿ. ಪಟ್ಟಿ ಎದುರಿನ ಕೋಣೆಯ ಬೀರುವಿನಲ್ಲಿದೆ. ನಾಲ್ಕರ ತನಕ ಬೀಗ. ನಾಲ್ಕರ ಮೇಲೆ ದುಡ್ಡಿನ ಚೀಟಿ.

ಬೆಳಗಿನ ಹೊತ್ತಿಗೂ ಒಂದು ಪೆಟ್ಟಿಗೆ ಆ ಪಟ್ಟಿ ಕೊಡಿ ಎಂದು ಗಂಗಾಧರಪ್ಪ ಡಾ. ನರ್ಮದಾ ಅವರನ್ನು ಕೇಳಿದ್ದಾರೆ. ಬರೆದು ಕಳಿಸಿದ್ದೇನೆ, ನೋಡೋಣ ಎಂದಿದ್ದಾರೆ ಅವರು. ಕುರ್ಚಿ ಬೇಡ, ಬೆಂಚು ಬೇಡ, ಕಾಯಂ ಮಾಡುವುದನ್ನೂ ಈಗ ಕೇಳುವುದಿಲ್ಲ ಎನ್ನುತ್ತಾರೆ ಗಂಗಾಧರಪ್ಪ. ಕೇಳುತ್ತಿರುವುದು ಅದೊಂದನ್ನೇ.

ಲೋಕಮ್ಮನ ಹಿಮ್ಮಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಳೆಯ ಬಟ್ಟೆಯ ಮೇಲೆ ನೀರು ಬಿಡುತ್ತಾ, ಮುಚ್ಚಿದ ಎದುರು ಬಾಗಿಲನ್ನು ಒಮ್ಮೆ ನೋಡುತ್ತಾರೆ.

"ಈ ಕಾಲು ನಾ ಯಾರಿಗೂ ಬಿಟ್ಟುಕೊಡಂಗಿಲ್ಲ ರೀ."