ಬೋರಿಂಗ್ ನೀರಿಗೆ ಪಾಲಯ್ಯನ ತೀರ್ಪು

ಕಾನಹೊಸಹಳ್ಳಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಾಲಯ್ಯ ಜವಾನ. ಹಾಗೆಂದು ಸರ್ಕಾರ ತಿಳಿದಿತ್ತು. ಅವನ ಪ್ರಕಾರ ಅಲ್ಲಿನ ವಿಜ್ಞಾನದಲ್ಲಿ ಅರ್ಧ ಅವನದು, ಉಳಿದರ್ಧ ಮೇಷ್ಟರದು.

ಮೇಷ್ಟರು ವರ್ಷಕ್ಕೊಮ್ಮೆ ಮೂರು ಗಾಜಿನ ಲೋಟ ಇಡಿಸುತ್ತಿದ್ದರು: ಮಣ್ಣು ಕಲಕಿದ ನೀರು, ನಾಲ್ಕು ಹನಿ ಹಾಲು ಬಿದ್ದ ನೀರು, ಉಪ್ಪು ಕರಗಿದ ನೀರು. ಕಿಟಕಿ ಮುಚ್ಚಿ ಬ್ಯಾಟರಿ ಬೆಳಕು ಬಿಡುವುದು ಪಾಲಯ್ಯನ ಕೆಲಸ. ಮಣ್ಣು ಗಂಟೆಯೊಳಗೆ ತಳ ಸೇರುತ್ತಿತ್ತು. ಹಾಲು ಎಷ್ಟು ಹೊತ್ತಾದರೂ ತಳ ಕೂರದು, ಆದರೆ ಬೆಳಕು ಹಾಯ್ದ ದಾರಿ ಅದರಲ್ಲಿ ಬೆಳ್ಳಗೆ ಕಾಣುತ್ತಿತ್ತು. ಉಪ್ಪಿನ ನೀರಿನಲ್ಲಿ ಏನೂ ಕಾಣದು. ಇದನ್ನು ಹತ್ತು ವರ್ಷ ನೋಡಿದ ಮೇಲೆ, ಚಾ ಅಂಗಡಿಯಲ್ಲೂ ಅವನು ಲೋಟ ಎತ್ತಿ ಹಿಡಿದು ನೋಡದೆ ಕುಡಿಯುತ್ತಿರಲಿಲ್ಲ.

ಎಪ್ಪತ್ನಾಲ್ಕರಲ್ಲಿ ಊರಿಗೆ ಬೋರಿಂಗ್ ಬಂತು. ಕೆರೆ ನೀರು ಕುಡಿದ ಊರು ಕೈಪಂಪಿನ ಮುಂದೆ ಅನುಮಾನದಿಂದ ನಿಂತಿತು. ಪಾಲಯ್ಯನಿಗೂ, ಮಗಳು ನಾಗಕ್ಕನ ಹಸುಗೂಸು ಗಿಡ್ಡಮ್ಮನಿಗೆ ಯಾವ ನೀರು ಕುಡಿಸಬೇಕೆಂಬ ಚಿಂತೆ. ಎರಡೂ ನೀರನ್ನು ಲೋಟಗಳಲ್ಲಿ ಕತ್ತಲ ಕೋಣೆಗೆ ಒಯ್ದು ಬ್ಯಾಟರಿ ಬಿಟ್ಟ. ಕೆರೆ ನೀರಿನಲ್ಲಿ ಬೆಳಕು ಧೂಳೆದ್ದಂತೆ ನಿಂತಿತು. ಬೋರಿಂಗ್ ನೀರಿನಲ್ಲಿ ಏನೂ ಇಲ್ಲ.

“ನೋಡ್ರಿ, ಕನ್ನಡಿ ಇದ್ದಂಗೈತಿ!” ಎಂದು ನೆರೆದವರಿಗೆ ತೋರಿಸಿದ.

ಹೆಂಡತಿ ಜಂಬಕ್ಕ ಬಾಗಿಲಲ್ಲೇ ನಿಂತು, “ಉಪ್ಪಿನ ನೀರಾಗೂ ಏನೂ ಕಾಣಂಗಿಲ್ಲ ಅಂತ ನೀನಾ ಅಂದಿದ್ದಿ. ಇದ್ರಾಗ ಏನು ಕರಗೈತೋ ಯಾರಿಗ್ಗೊತ್ತು?” ಎಂದಳು.

“ಕರಗಿದ್ರ ನಾಲಿಗಿಗೆ ತಿಳೀತಿರಲಿಲ್ಲೇನು? ಸೈನ್ಸಿನಾಗ ಬಾಯಿ ಹಾಕಬ್ಯಾಡ, ಸಾರು ನೋಡ್ಹೋಗು.”

ಊರು ಕೆರೆ ಬಿಟ್ಟಿತು. ಕೆರೆಗೆ ಎಮ್ಮೆಗಳು ಇಳಿದವು, ಅವುಗಳ ಹಿಂದೆ ಲಾರಿ ತೊಳೆಯುವವರು.

ಗಿಡ್ಡಮ್ಮನಿಗೆ ಏಳು ತುಂಬಿ ಹೊಸ ಹಲ್ಲು ಬಂದಾಗ ಅವುಗಳ ಮೇಲೆ ಕಂದು ಗೆರೆಗಳಿದ್ದವು. ಜಂಬಕ್ಕ ಇದ್ದಿಲ ಪುಡಿ ಹಚ್ಚಿ ತಿಕ್ಕಿದಳು, ಹೋಗಲಿಲ್ಲ. ಬೀದಿಯ ಮಕ್ಕಳು ನಕ್ಕರೆ ಎಲ್ಲರ ಬಾಯಲ್ಲೂ ಅವೇ ಗೆರೆ.

ಬಳ್ಳಾರಿಯಿಂದ ಬಂದ ಡಾಕ್ಟರು ಪಾಲಯ್ಯನಿಗೇ ಹೇಳಿದರು: “ನೀರಲ್ಲಿ ಫ್ಲೋರೈಡ್ ಕರಗಿದೆ. ಬಣ್ಣ ಇಲ್ಲ, ರುಚಿ ಇಲ್ಲ, ತಳ ಕೂರಲ್ಲ, ಕುದಿಸಿದರೂ ಹೋಗಲ್ಲ. ಇವತ್ತು ಹಲ್ಲು, ನಾಳೆ ಮೂಳೆ. ಮಕ್ಕಳಿಗೆ ಈ ನೀರು ಬಿಡಿಸಿ.”

ಬೋರಿಂಗ್ ನೀರು ಬಿಡಿ ಎಂದು ಹೇಳಲು ಪಾಲಯ್ಯ ಮನೆಮನೆಗೆ ಹೋದ. ಪಕ್ಕದ ಮನೆಯ ಓಬಮ್ಮ, “ಕನ್ನಡಿ ಅಂದಾವ ನೀನಾ, ಮಾವ. ಈಗ ಎಮ್ಮಿ ಮೈ ತೊಳೆದದ್ದು ಕುಡೀರಿ ಅಂತೀಯೇನು?” ಎಂದು ನಕ್ಕಳು. ಜೀವಮಾನದಲ್ಲಿ ಊರು ಅವನ ಒಂದೇ ಒಂದು ಮಾತು ನಂಬಿತ್ತು. ಅದನ್ನು ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ.

ಮನೆಗೆ ಬಂದರೆ, ಶಾಲೆಯಿಂದ ಬಂದ ಗಿಡ್ಡಮ್ಮ ಕೊಡದಿಂದ ಚೊಂಬು ತುಂಬಿಕೊಳ್ಳುತ್ತಿದ್ದಳು.

“ಬ್ಯಾಡವ್ವ, ಅದನ್ನ ಕುಡೀಬ್ಯಾಡ.”

“ಮತ್ತ ಯಾವ್ದು ಕುಡೀಲಿ, ತಾತ?”

ಪಾಲಯ್ಯ ಎಮ್ಮೆಗಳಿದ್ದ ಕೆರೆಯ ಕಡೆ ತಿರುಗಿ ನೋಡಿದ. ನಾಗಕ್ಕನೂ ಒಳಗಿನಿಂದ ಬಂದು, ಅಪ್ಪ ಏನು ಹೇಳುತ್ತಾನೋ ಎಂದು ಕಾದು ನಿಂತಳು. ಹುಡುಗಿಗೆ ಬಾಯಾರಿಕೆ ತಡೆಯಲಿಲ್ಲ. ಚೊಂಬೆತ್ತಿ ಗಟಗಟನೆ ಕುಡಿದಳು.