ಸಾವಿಲ್ಲದವರ ಆಟದಲ್ಲಿ ಕೊಟ್ಟ ನೆನಪು

ಐವತ್ತು ದಾಟಿದ ಮೇಲೆ ನನ್ನ ಅಣ್ಣನಿಗೆ ಕತ್ತಿಯಾಟದ ಹುಚ್ಚು ಹಿಡಿಯಿತು. ಚಡಚಣದ ಹತ್ತಿರ ಅವನ ದ್ರಾಕ್ಷಿ ತೋಟವಿದೆ. ಹಣ್ಣು ಒಣಗಿಸುವ ಶೆಡ್ಡು ಸುಗ್ಗಿ ಮುಗಿದರೆ ಖಾಲಿ ಬಿದ್ದಿರುತ್ತದೆ. ಭಾನುವಾರ ಮಧ್ಯಾಹ್ನ ನಾವು ಕೆಲವರು ಅಲ್ಲಿ ಸೇರುತ್ತಿದ್ದೆವು. ಇಂಡಿ ಊರಿನ ಶಾಲೆಯಲ್ಲಿ ಪಾಠ ಹೇಳುವ ನಾನು, ಸಿಂದಗಿಯ ಲೆಕ್ಚರರು, ಅಣ್ಣನ ಗೆಳೆಯ ಔಷಧಿ ಅಂಗಡಿಯವರು. ಎಲ್ಲರೂ ಬೊಜ್ಜು ಬಂದವರು, ಮೊಣಕಾಲು ನೋವಿನವರು. ಆಟದಲ್ಲಿ ಮಾತ್ರ ಸಾವಿಲ್ಲದವರು, ನೂರಾರು ವರ್ಷ ಬದುಕಿ ಬಂದವರು! ಪೈಪಿಗೆ ಸ್ಪಂಜು ಸುತ್ತಿದ ಕತ್ತಿ ಹಿಡಿದು ನಿಂತರೆ ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ನಿಯಮಗಳನ್ನು ಅಣ್ಣನೇ ಮಾಡಿದ್ದ. ಒಬ್ಬರಿಗೆ ಒಬ್ಬರೇ ಎದುರು, ಮೂರನೆಯವರು ನಡುವೆ ಬರುವಂತಿಲ್ಲ. ಗುಡಿ, ದರ್ಗಾದ ಮುಂದೆ ಕತ್ತಿ ಎತ್ತುವಂತಿಲ್ಲ. ಸಾವಿಲ್ಲದವರಿಗೂ ಕುತ್ತಿಗೆಗೆ ಕತ್ತಿ ಮುಟ್ಟಿದರೆ ಮಾತ್ರ ಸಾವು. ಸತ್ತವರು ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ‘ಹೋಗ್ತೇನಿ’ ಅನ್ನಬೇಕು. ನಮ್ಮ ಮನೆಗಳಲ್ಲಿ ಹೊಸ್ತಿಲು ದಾಟುವಾಗ ಯಾರೂ ಹಾಗೆ ಅನ್ನುವುದಿಲ್ಲ, ‘ಬರ್ತೇನಿ’ ಎಂದೇ ಹೊರಡುತ್ತೇವೆ. ಲೆಕ್ಚರರಿಗೆ ಮೊದಲ ಸಲ ಆ ಮಾತು ಬಾಯಿಂದ ಹೊರಡಲೇ ಇಲ್ಲ.

ಇನ್ನೊಂದು ನಿಯಮವಿತ್ತು. ಸತ್ತವರು ತಮ್ಮ ಬದುಕಿನ ಒಂದು ನಿಜವಾದ ನೆನಪನ್ನು ಗೆದ್ದವರ ಕಿವಿಯಲ್ಲಿ ಹೇಳಬೇಕು. ಯಾವುದು ಎಂಬುದು ಹೇಳುವವರ ಇಷ್ಟ. ಅಂದಿನಿಂದ ಅದು ಗೆದ್ದವರದು. ಸಾವಿಲ್ಲದವರು ಬೆಳೆಯುವುದೇ ಹೀಗೆ ಎಂದು ಅಣ್ಣ ವಿವರಿಸಿದಾಗ ನಾನು ಮೂಗು ಮುರಿದಿದ್ದೆ.

ಒಂದು ಭಾನುವಾರ ಚಹಾ ಕುಡಿಯುತ್ತ ಅಣ್ಣ, ಚಿಕ್ಕವನಿದ್ದಾಗ ತಾನು ಬಾವಿಗೆ ಬಿದ್ದದ್ದನ್ನು ಹೇಳಿದ. ನಮ್ಮ ಅಣ್ಣ ಬಾವಿಗೆ ಬಿದ್ದೇ ಇಲ್ಲ. ಬಿದ್ದವರು ಔಷಧಿ ಅಂಗಡಿಯವರು, ಈ ಆಟ ಶುರುವಾಗುವ ಮೊದಲು ಅದನ್ನು ನಮಗೆ ಎಷ್ಟೋ ಸಲ ಹೇಳಿದ್ದರು. ಅವರೇ ಬಾಯಿ ತೆರೆದು ಕೇಳುತ್ತ ಕೂತಿದ್ದರು.

“ಆಮ್ಯಾಲೆ ಏನಾತ್ರಿ?” ಅಂದರು.

ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ಶೆಡ್ಡಿನ ಹಸಿರು ಪರದೆಯ ಬೆಳಕಿನಲ್ಲಿ ಅವರ ಮುಖ ನೀರೊಳಗೆ ಕಂಡಂತೆ ಕಾಣುತ್ತಿತ್ತು. ಹಿಂದಿನ ವಾರ ಅವರು ಅಣ್ಣನಿಗೆ ಸೋತದ್ದು ನನಗೆ ನೆನಪಾಯಿತು.

ಆದರೂ ಆಡಿದೆ. ಅಣ್ಣನ ಕತ್ತಿ ನನ್ನ ಕುತ್ತಿಗೆಗೆ ತಾಗಿತು. ಅವನು ನನ್ನೆದುರು ಕುಕ್ಕರಗಾಲಲ್ಲಿ ಕೂತು ಕೈ ಹಿಡಿದ.

“ಅವ್ವನ ಕಡೀ ಹೊತ್ತು ನನಗ ಕೊಡವಾ. ನಾ ಇರಲಿಲ್ಲ.”

ಅವ್ವ ಹೋಗುವಾಗ ಹತ್ತಿರ ಇದ್ದವಳು ನಾನೊಬ್ಬಳೇ. ಸೊಲ್ಲಾಪುರಕ್ಕೆ ಹೋಗಿದ್ದ ಅಣ್ಣ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದೇ ಕೊರಗಿನಲ್ಲಿ ಅವನು ಸೊರಗಿದ್ದನ್ನು ನೋಡಿದ್ದೆ. ಪಾಪ ಅನ್ನಿಸಿತು. ಎಲ್ಲವನ್ನೂ ಅವನ ಕಿವಿಯಲ್ಲಿ ಹೇಳಿ, ‘ಹೋಗ್ತೇನಿ’ ಅಂದೆ.

ಅವ್ವನ ವರ್ಷದ ಕಾರ್ಯದ ದಿನ ಊಟವಾದ ಮೇಲೆ ಅಣ್ಣ ಮಾತು ತೆಗೆದ. “ಚಾದಾಗ ಶುಂಠಿ ಭಾಳ ಆಗೈತಿ ಅಂದ್ಲು. ನನ್ನ ಕಿರಿಬೆರಳು ಗಟ್ಟಿ ಹಿಡದಿದ್ಲು. ಕೈ ಬೆಚ್ಚಗಿತ್ತು.”

“ಪುಣ್ಯಾ ಮಾಡಿದ್ದಿ ಬಿಡಪಾ,” ಎಂದು ಚಿಗವ್ವ ಕಣ್ಣೊರೆಸಿಕೊಂಡಳು.

“ಆಮ್ಯಾಲೆ?” ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದಾಗಲೇ ಗೊತ್ತಾಯಿತು, ಕೇಳಿದವಳು ನಾನು.

ಮುಂದಿನ ಭಾನುವಾರ ನಾನೇ ಅವನನ್ನು ಆಟಕ್ಕೆ ಕರೆದೆ. ಸಿಟ್ಟಿನಲ್ಲಿ ಬೀಸಿದ ಕತ್ತಿ ಅವನ ಕುತ್ತಿಗೆಗೆ ಬಡಿಯಿತು. ಅಣ್ಣ ಕೂತ, ಕಣ್ಣು ಮುಚ್ಚಿದ.

“ನಂದು ನನಗ ಕೊಡಣ್ಣಾ.”

ಅವನು ಒಲ್ಲೆನೆಂದು ತಲೆಯಾಡಿಸಿದ. ಅದನ್ನು ಕೊಡಲಿಲ್ಲ. ಬಾಗಿದ ನನ್ನ ಕಿವಿಯಲ್ಲಿ ಬೇರೆಯದನ್ನೇ ಹೇಳಿದ. ಸೊಲ್ಲಾಪುರದಿಂದ ಬರುವ ಬಸ್ಸಂತೆ, ಭೀಮಾ ನದಿಯ ಸೇತುವೆಯಂತೆ, ಮುಂದೆ ಕಬ್ಬಿನ ಟ್ರಾಕ್ಟರ್ ಮಗುಚಿ ದಾರಿಯೇ ಕಟ್ಟಿತ್ತಂತೆ. ಹೇಳಿ ಮುಗಿಸಿ, ಹಗುರಾಗಿ ಎದ್ದು ಮಣ್ಣು ಕೊಡವಿಕೊಂಡ. ನಾನು ಆ ಶೆಡ್ಡಿಗೆ ಮತ್ತೆ ಕಾಲಿಟ್ಟಿಲ್ಲ.

ಶುಂಠಿಯ ಮಾತು, ಬೆಚ್ಚಗಿನ ಕೈ, ಇವನ್ನು ಅಣ್ಣನ ಬಾಯಿಂದ ಕೇಳಿದ್ದರಿಂದಲೇ ಇಲ್ಲಿ ಬರೆದೆ. ಅವ್ವ ಹೋದ ದಿನ ಅಂದರೆ ನನಗೆ ಕಿಟಕಿ ಪಕ್ಕದ ಸೀಟು ಕಾಣುತ್ತದೆ, ಹಸಿ ಕಬ್ಬಿನ ವಾಸನೆ ಬರುತ್ತದೆ. ಅಂಗೈಯಲ್ಲಿ ಮೊಬೈಲ್ ಹೊಡೆದುಕೊಳ್ಳುತ್ತಿದೆ, ತೆರೆಯ ಮೇಲೆ ನನ್ನದೇ ಹೆಸರಿದೆ. ಯಾಕೆ ಕರೆ ಬಂದಿದೆ ಎಂದು ಗೊತ್ತಿರುವುದರಿಂದ ನಾನು ಎತ್ತುವುದಿಲ್ಲ.

ಅವ್ವನ ಮಾತು ಬಂದಾಗಲೆಲ್ಲ ನನಗೆ ಅಳು ಒತ್ತರಿಸಿ ಬರುತ್ತದೆ. ಅಣ್ಣ ಬೆನ್ನು ಸವರುತ್ತಾನೆ.

“ನೀ ಬರೂದು ತಡಾ ಆತು, ಏನ್ ಮಾಡಾಕ ಬರತೈತಿ? ಇರ್ಲಿ ಬಿಡವಾ, ಆಕಿ ಹತ್ರ ನಾ ಇದ್ನಲ್ಲ.”