ಪೂಜೆಗೆ ಮೊದಲು ನುಂಗದ ಗುಳಿಗೆ

ನನ್ನ ಅತ್ತೆಯ ದನಿ ಕುಗ್ಗಿದ್ದು ಅರ್ಧ ಬೈಲಹೊಂಗಲಕ್ಕೆ ಗೊತ್ತಾಯಿತು. ಯಾಕೆಂದರೆ ಆ ದನಿ ಚೆನ್ನಾಗಿದ್ದಾಗ ಅರ್ಧ ಬೈಲಹೊಂಗಲಕ್ಕೆ ಕೇಳಿಸುತ್ತಿತ್ತು. ಸೋಮವಾರ ಸಂಜೆ ನಮ್ಮ ಓಣಿಯ ಮಠದಲ್ಲಿ ಹೆಂಗಸರ ಭಜನೆ ನಡೆಯುತ್ತದೆ. ಮೊದಲ ಸೊಲ್ಲು ಎತ್ತುವವರು ಅತ್ತೆ, ಹಿಂದೆ ಹೇಳುವವರು ನಾವೆಲ್ಲ. ಮೈಕು ತಂದಿಟ್ಟರೆ ಅವರಿಗೆ ಅವಮಾನವಾಗುತ್ತಿತ್ತು.

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆ ಎಂದು ಡಾಕ್ಟರು ಹೇಳಿ, ದಿನಕ್ಕೊಂದು ಸಣ್ಣ ಗುಳಿಗೆ ಬರೆದುಕೊಟ್ಟಿದ್ದರು. ವರ್ಷ ಕಳೆಯಿತು. ರಕ್ತಪರೀಕ್ಷೆಯಲ್ಲಿ ಏರಿದ್ದ ಅಂಕಿ ಇಳಿಯಲೇ ಇಲ್ಲ. ಡಾಕ್ಟರು ಎರಡು ಸಲ ಗುಳಿಗೆಯ ಪ್ರಮಾಣ ಏರಿಸಿದರು. ಅತ್ತೆಯ ಮುಖ ಬಾತುಕೊಂಡಿತು, ಕಾಲು ಭಾರವಾಯಿತು, ದನಿ ಬಿರುಕುಬಿಟ್ಟ ಮಡಕೆಯಂತಾಯಿತು. ಹೋದಾಗಲೆಲ್ಲ ಡಾಕ್ಟರು ಕೇಳುವರು, "ಹಸದ ಹೊಟ್ಟಿಲೇ ತಗೋತೀರಿಲ್ಲ, ಅಜ್ಜಿ?"

"ಹೌದ್ರಿ ಸಾಹೇಬ್ರ, ಹಸದ ಹೊಟ್ಟಿಲೇನ."

ಪಕ್ಕದಲ್ಲಿ ಕೂತ ನಾನೂ ತಲೆ ಅಲ್ಲಾಡಿಸುತ್ತಿದ್ದೆ. ಅತ್ತೆ ಸುಳ್ಳು ಹೇಳುವವರಲ್ಲ.

ಭಜನೆಯಲ್ಲಿ ಮೊದಲ ಸೊಲ್ಲು ನನ್ನ ಪಾಲಿಗೆ ಬಂತು. ನನ್ನ ದನಿಗೂ ದೇವರು ಒಂದು ಗುಣ ಕೊಟ್ಟಿದ್ದಾನೆ, ಮಲಗಿದ ಕೂಸುಗಳು ಎದ್ದು ಕೂರುತ್ತವೆ. ಅತ್ತೆ ಪಿಸುದನಿಯಲ್ಲೇ ಚುಚ್ಚಿದರು, "ಏನ್ ಬೇ, ಭಜನಿ ಮಾಡಾಕತ್ತೀಯೋ, ಎಮ್ಮಿ ಕರಿಯಾಕತ್ತೀಯೋ?"

ನಕ್ಕೆವು. ಆದರೆ ಯುಗಾದಿ ಕಳೆದ ಮೇಲೆ ಅತ್ತೆಯ ತವರಿನಿಂದ ಫೋನು ಬಂದಾಗ ನಗು ಬರಲಿಲ್ಲ. ತವರು ಕಿತ್ತೂರಿನ ಹತ್ತಿರದ ದೇಗಾಂವ. ಶ್ರಾವಣದ ಕಡೆಯ ಸೋಮವಾರ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಭಜನೆ. ಮದುವೆಯಾಗಿ ಬಂದ ಮೇಲೂ ಪ್ರತಿ ವರ್ಷ ಮೊದಲ ಸೊಲ್ಲು ಅತ್ತೆಯದೇ. ಈ ಸಲ ಅವರು ತಮ್ಮನಿಗೆ, "ಬ್ಯಾರೇದವ್ರಿಗೆ ಹೇಳಪಾ" ಎಂದು ಫೋನಿಟ್ಟರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಅಕ್ಕಿ ಆರಿಸುತ್ತ ಕೂತರು. ಆ ಅಕ್ಕಿಯನ್ನು ನಾನು ಅದೇ ಬೆಳಿಗ್ಗೆ ಆರಿಸಿಟ್ಟಿದ್ದೆ.

ಇದಕ್ಕೆ ಏನಾದರೂ ದಾರಿ ಇದ್ದೇ ಇರಬೇಕು ಎಂದು ಮೊಬೈಲು ಹಿಡಿದೆ. ಸವದತ್ತಿಯಲ್ಲಿ ಹತ್ತನೆಯ ತರಗತಿ ಮುಗಿಸಿದ್ದಷ್ಟೇ ನನ್ನ ಓದು. ರಾಮದುರ್ಗದ ನಾದಿನಿ ಒಂದು ವಿಡಿಯೊ ಕಳಿಸಿದ್ದರು. ಕೊತ್ತಂಬರಿ ಬೀಜದ ನೀರು ಕುಡಿಯಿರಿ, ಗುಳಿಗೆ ಬಿಸಾಡಿರಿ ಎನ್ನುತ್ತಿದ್ದ ಒಬ್ಬ ಮನುಷ್ಯ. ಅವನ ಮಾತಿನ ಗತ್ತಿಗೆ ನಾನು ಮರುಳಾದೆ. ಆದರೂ ಗುಳಿಗೆ ಬಿಡಿಸಲಿಲ್ಲ, ಅದು ಆ ಶಿವನೇ ಕೊಟ್ಟ ಬುದ್ಧಿ. ಮೂರು ದಿನ ಆ ನೀರು ಕುಡಿದ ಅತ್ತೆ, "ಇದಕ್ಕ ಸ್ವಲ್ಪ ಉಪ್ಪು, ಬ್ಯಾಳಿ ಹಾಕಿದ್ರ ಸಾರರೆ ಆಗತಿತ್ತು" ಎಂದರು. ನಾಲ್ಕನೆಯ ದಿನ ವಿಡಿಯೊವನ್ನು ಕಡೆಯವರೆಗೂ ನೋಡಿದೆ. ಕಡೆಗೆ ಅವನು ತನ್ನದೇ ಪುಡಿಯ ಡಬ್ಬಿ ತೋರಿಸಿ ಮಾರಾಟಕ್ಕೆ ನಿಂತ. ಅಂದಿನಿಂದ ಇಂಥ ಯಾವುದೇ ವಿಡಿಯೊ ಬರಲಿ, ಮೊದಲು ಅದರ ಬಾಲ ನೋಡುತ್ತೇನೆ.

ಗುಳಿಗೆಯ ಸೀಸೆಯ ಜೊತೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಕಾಗದ ಒಂದು ಬರುತ್ತದೆ. ಅಷ್ಟು ದಿನ ಅದರಲ್ಲಿ ಲವಂಗ ಕಟ್ಟಿಡುತ್ತಿದ್ದೆ. ಈ ಸಲ ಬಿಡಿಸಿ ಮೇಜಿನ ಮೇಲೆ ಹರವಿದೆ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಮೊಬೈಲಿನಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿ, ಅದರಲ್ಲೇ ಕನ್ನಡಕ್ಕೆ ತಿರುಗಿಸಿ ಓದಿದೆ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಅರ್ಧ ತಾಸಿಗೂ ಹೆಚ್ಚು ಹೊತ್ತು ಏನೂ ತಿನ್ನಬಾರದು, ಕ್ಯಾಲ್ಸಿಯಂ ಗುಳಿಗೆಯನ್ನು ನಾಲ್ಕು ತಾಸು ದೂರ ಇಡಬೇಕು ಎಂದಿತ್ತು. ಮಂಡಿನೋವಿಗೆ ಕೊಟ್ಟಿದ್ದ ಕ್ಯಾಲ್ಸಿಯಂ ಗುಳಿಗೆಯನ್ನು ಅತ್ತೆ ಇದರ ಜೊತೆಗೇ ನುಂಗುತ್ತಿದ್ದರು. ಅದೂ ಯಾವುದರಲ್ಲಿ? ಹಾಲಿನಲ್ಲಿ! ಒಂದು ದೊಡ್ಡ ಆಸ್ಪತ್ರೆಯ ಪುಟದಲ್ಲಿ ಹುಡುಕಿದೆ. ಹಾಲೂ ಈ ಗುಳಿಗೆಯನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ಅಲ್ಲಿ ಬರೆದಿತ್ತು.

ಹಾಲು ಎಲ್ಲಿಂದ ಬಂತು ಎಂದರೆ, ಅದು ಪ್ರಸಾದ. ಅತ್ತೆ ದೀಕ್ಷೆ ಪಡೆದಾಗಿನಿಂದ ಲಿಂಗಪೂಜೆ ಆಗದೆ ಒಂದು ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ. ಪೂಜೆಯಲ್ಲಿ ಒಂದು ಬಟ್ಟಲು ಸಕ್ಕರೆ ಹಾಲು ನೈವೇದ್ಯ. ಪೂಜೆ ಮುಗಿದ ಕೂಡಲೇ ಆ ಹಾಲು ಕುಡಿಯುವರು, ಅದರಲ್ಲೇ ಗುಳಿಗೆ. ಕಣ್ಣೆದುರು ನಡೆಯುತ್ತಿದ್ದರೂ ನನಗೆ ಹೊಳೆದಿರಲಿಲ್ಲ. ಪ್ರಸಾದವನ್ನು ಊಟ ಎಂದು ನಮ್ಮ ಮನೆಯಲ್ಲಿ ಯಾರೂ ಲೆಕ್ಕ ಹಿಡಿಯುವುದಿಲ್ಲ.

"ಅತ್ತೀ, ಮುಂಜಾನೆ ಎದ್ದ ಕೂಡ್ಲೆ ನೀರಾಗ ತಗೋಬೇಕಂತರಿ ಇದನ್ನ" ಎಂದೆ.

"ಪೂಜಿ ಆಗದ?"

"ಗುಳಿಗಿ ಅಷ್ಟರಿ, ಒಂದ ಗುಟುಕ ನೀರು."

"ಹಂಗಾರ ಗುಳಿಗೀನ ಬ್ಯಾಡ. ಗುಳಿಗಿ ಬಿಡತೇನಿ, ನೇಮ ಬಿಡಂಗಿಲ್ಲ."

"ಹೋಗ್ಲಿ, ಪೂಜಿ ಮುಗಿಸಿ ನೀರಾಗ ನುಂಗ್ರಿ. ಒಂದ ತಾಸು ತಡದು ಪ್ರಸಾದ ತಗೋರಿ."

ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ದೇವರ ಕೊಟ್ಟದ್ದನ್ನ ಕಾಯಸತಾರೇನ? ನಾಳೆ ನಿನ್ನ ಗಂಡ ತಾಟ ಮುಂದ ಇಟಗೊಂಡು ಕುಂತಾಗ ಒಂದ ತಾಸು ತಡೀರಿ ಅಂತ ಹೇಳ, ನೋಡೂನು!"

ಮರುದಿನ ಅವರು ಗುಳಿಗೆಯನ್ನು ಮುಟ್ಟಲೇ ಇಲ್ಲ. ಅದರ ಮರುದಿನವೂ ಅಷ್ಟೇ. ಇದ್ದದ್ದನ್ನೂ ಕೆಡಿಸಿದೆನಲ್ಲ, ಓದದೇ ಲವಂಗ ಕಟ್ಟಿದ್ದರೇ ಚೆನ್ನಾಗಿತ್ತು ಎನಿಸಿತು. ನೇಮ ಮುರಿಯಿರಿ ಎನ್ನಲು ನನಗೂ ಬಾಯಿ ಬರಲಿಲ್ಲ. ನಾನೂ ಲಿಂಗ ಕಟ್ಟಿದವಳೇ. ಪೂಜೆಗೆ ಕೂತಾಗ, "ತಂದೆ, ನಿನ್ನ ನೇಮವೂ ಉಳಿಯಲಿ, ಅವರ ದನಿಯೂ ಉಳಿಯಲಿ" ಎಂದು ಬೇಡಿಕೊಂಡೆ. ಕಣ್ಣು ತೆರೆದಾಗ ಹೊಳೆಯಿತು, ಬೆಳಿಗ್ಗೆಯೇ ಯಾಕೆ? ಬೇರೆ ಹೊತ್ತಿಗೆ ಆಗದೇನು ಎಂದು ನಾನು ಮೊಬೈಲನ್ನು ಕೇಳಿಯೇ ಇರಲಿಲ್ಲ!

ಕೇಳಿದೆ. ಬೆಳಗಿನ ಬದಲು ರಾತ್ರಿ ಮಲಗುವ ಮುಂಚೆ ಈ ಗುಳಿಗೆ ಕೊಟ್ಟು ನೋಡಿದ ವೈದ್ಯರು ಬರೆದ ಲೇಖನ ಸಿಕ್ಕಿತು. ಮುಕ್ಕಾಲು ಪಾಲು ತಿಳಿಯಲಿಲ್ಲ. ತಿಳಿದ ಕಾಲು ಪಾಲು ಇಷ್ಟು: ಊಟವಾಗಿ ಮೂರು ತಾಸು ಕಳೆದಿದ್ದರೆ ರಾತ್ರಿಯೂ ನಡೆದೀತು. ಕಡೆಗೆ ಹೋಗಿ ಬಾಲ ನೋಡಿದೆ, ಯಾವ ಡಬ್ಬಿಯೂ ಇರಲಿಲ್ಲ. ಆದರೂ ನನ್ನ ಕಾಲು ಪಾಲಿನ ಜ್ಞಾನ ನಂಬಿ ಗುಳಿಗೆ ಬದಲಿಸುವಷ್ಟು ಧೈರ್ಯ ಬರಲಿಲ್ಲ. ಕಾಗದ, ಮೊಬೈಲು, ಅತ್ತೆ, ಮೂರನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಎಲ್ಲ ಕೇಳಿದ ಡಾಕ್ಟರು ಅತ್ತೆಯ ಕಡೆ ತಿರುಗಿದರು. "ಅಜ್ಜಿ, ಹಸದ ಹೊಟ್ಟಿಲೇ ಅಂತಿದ್ರೆಲ್ಲಾ?"

"ಹಸದ ಹೊಟ್ಟೀನರಿ. ಪ್ರಸಾದ ಊಟ ಹೆಂಗ ಆಗತೈತ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. "ನಿಮ್ಮದೇನೂ ತಪ್ಪಿಲ್ಲ ಬಿಡ್ರಿ. ನಾ ಕೇಳೂದ ಹಂಗ ಕೇಳಿದೆ. ಇನ್ನಮ್ಯಾಲೆ ಎಲ್ಲಾರಿಗೂ ಕೇಳತೇನಿ, ಪೂಜಿ ಆದಮ್ಯಾಲೆ ಏನ್ ತಗೋತೀರಿ ಅಂತ. ಅಕ್ಕಾರ, ನೀವು ನಿಮ್ಮಷ್ಟಕ್ಕ ಬದಲ ಮಾಡದ ಕೇಳಾಕ ಬಂದ್ರಿ, ಛಲೋ ಆತು. ಸಂಜಿ ಊಟ ಎಷ್ಟಕ್ಕ, ಅಜ್ಜಿ?"

"ದೀಪ ಹಚ್ಚಿದ ಕೂಡ್ಲೆ. ಏಳು ಆಗತೈತಿ."

"ಮಲಗೂದು?"

"ಧಾರಾವಾಹಿ ಮುಗದಮ್ಯಾಲೆ, ಹತ್ತಕ್ಕ. ಆ ಸೊಸಿ ಅತ್ತಿಗೆ ಏನೇನ ಮಾಡತಾಳ ಅಂತ ನೋಡಿ ಮಲಗಬೇಕಲ್ರಿ." ಹೀಗೆಂದು ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿದರು.

"ಮೂರು ತಾಸು ಆತಲ್ಲ! ಧಾರಾವಾಹಿ ಮುಗೀತಂದ್ರ ಗುಳಿಗಿ, ಬರೇ ನೀರಾಗ. ನಡುವ ಏನೂ ತಿನ್ನಂಗಿಲ್ಲ, ಹಾಲೂ ಇಲ್ಲ. ಕ್ಯಾಲ್ಸಿಯಂ ಮಧ್ಯಾಹ್ನ ಊಟಕ್ಕ."

ಈ ಸಲ ಪ್ರಮಾಣ ಇನ್ನಷ್ಟು ಏರಿಸಬೇಕೆಂದಿದ್ದರಂತೆ. ಈಗ ಬೇಡ, ಇದೇ ಸಾಕು, ಎರಡು ತಿಂಗಳ ಮೇಲೆ ಪರೀಕ್ಷೆ ಎಂದರು.

ಎರಡು ತಿಂಗಳಲ್ಲಿ ಪರೀಕ್ಷೆಯ ಅಂಕಿ ಎಷ್ಟು ಕೆಳಗಿಳಿಯಿತೆಂದರೆ, ಡಾಕ್ಟರು ಗುಳಿಗೆಯ ಪ್ರಮಾಣವನ್ನೇ ಒಂದು ಮೆಟ್ಟಿಲು ಇಳಿಸಿದರು. ನನಗೆ ಅಂಕಿಗಿಂತ ಮೊದಲೇ ಗೊತ್ತಾಗಿತ್ತು. ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅಂಗಳದಿಂದ ಅತ್ತೆ ತರಕಾರಿಯವಳನ್ನು, "ಮೂಲಂಗಿ ಏನ್ ನಿಮ್ಮ ಅಜ್ಜಿ ಕಾಲದ್ದೇನ?" ಎಂದು ಬೈದದ್ದು ನಡುಮನೆ, ಅಡುಗೆಮನೆ ದಾಟಿ ನನ್ನ ಕಿವಿಗೆ ಬಿತ್ತು. ಕೈಯಲ್ಲಿದ್ದ ಸೀರೆ ಬಿಟ್ಟು ನಿಂತಲ್ಲೇ ಕೈ ಮುಗಿದೆ.

ಶ್ರಾವಣದ ಕಡೆಯ ಸೋಮವಾರ ದೇಗಾಂವಕ್ಕೆ ಹೋದೆವು. ಬೆಳಗಿನ ಮೊದಲ ಸೊಲ್ಲು ಅತ್ತೆಯೇ ಎತ್ತಿದರು. ನಾನು ಹಿಂದಿನ ಸಾಲಿಗೆ ಸರಿದು, ಯಾರಿಗೂ ಕೇಳಿಸದಂತೆ, ಮನಸಾರೆ ಹಾಡಿದೆ.

ಸಂಜೆ ಮಂಗಳಾರತಿಯಾಗಿ ಏಳಕ್ಕೆಲ್ಲ ಊಟ ಮುಗಿಯಿತು. ಬೀಗರು ನೆಂಟರು ಮಾತಿಗೆ ಕೂತಿದ್ದಾಗ, ಅತ್ತೆಯ ತಮ್ಮನ ಸೊಸೆ ಕೇಸರಿ ಹಾಕಿದ ಬಿಸಿ ಹಾಲು ತಂದಳು. "ಹಾಡಿ ಹಾಡಿ ಗಂಟಲ ಒಣಗೇತಿ, ತಗೋರಿ ಅತ್ತಿ."

ಅತ್ತೆ ಅಂಗೈ ಅಡ್ಡ ಹಿಡಿದರು. "ಬ್ಯಾಡ ತಂಗಿ, ನಂದು ನೇಮ ಐತಿ."

"ಪೂಜಿ ಮುಂಜಾನೇನ ಆಗೇತಲ್ರಿ?"

"ಅದು ಪೂಜಿ ನೇಮ, ಇದು ಗುಳಿಗಿ ನೇಮ. ಇದನ್ನೂ ಮುರಿಯಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಎಷ್ಟಾತ ಬೇ?"

"ಒಂಬತ್ತೂವರಿರಿ."

"ಇನ್ನ ಅರ್ಧ ತಾಸು ಐತಿ. ಸುಮ್ನ ಕುಂತ ಏನ್ ಮಾಡೂದು? ತಾಳ ತಾ, ಒಂದ ಹಾಡತೇನಿ."